ನೇರ ಸ್ಕೇಲು ಮುಟ್ಟದ ಸೂಜಿ

ಮೆಟ್ಟಿಲು ಹತ್ತಲಾಗದವರಿಗೆ ನೆಲಮಹಡಿಯ ಮನೆ ಕೊಡುವ ಕಚೇರಿ ನಮ್ಮದು. ಕಚೇರಿ ಇರುವುದು ಮೂರನೇ ಮಹಡಿಯಲ್ಲಿ. ಲಿಫ್ಟಿನ ಬಾಗಿಲಿಗೆ ಅಂಟಿಸಿದ ‘ದುರಸ್ತಿಯಲ್ಲಿದೆ’ ಎಂಬ ಚೀಟಿ ಹಳದಿಯಾಯಿತು ಅಂತ ಅದರ ಮೇಲೆ ಇನ್ನೊಂದು ಅಂಟಿಸಿದರು. ಈಗ ಅದೂ ಹಳದಿಯಾಗುತ್ತಿದೆ. ತಿಂಗಳ ಎರಡನೇ ಮಂಗಳವಾರ ಸಭಾಂಗಣದಲ್ಲಿ, ಜನರ ಕಣ್ಣೆದುರೇ, ಮನೆ ಹಂಚುತ್ತಾರೆ. ಮನೆ ಒಂದು. ಅರ್ಜಿ ಎರಡು ಲಕ್ಷದ ಹನ್ನೆರಡು ಸಾವಿರ.

ಪ್ರತಿ ಅರ್ಜಿಗೂ ಎರಡು ಅಂಕ. ಕಾದ ವರ್ಷಗಳದ್ದು ಒಂದು. ಮನೆಯ ರೋಗಿಯ ಸ್ಥಿತಿ ನೋಡಿ ಇಪ್ಪತ್ತರಲ್ಲಿ ಇಷ್ಟು ಅಂತ ವೈದ್ಯರು ಬರೆದುಕೊಟ್ಟಿದ್ದು ಇನ್ನೊಂದು. ಯಾವುದಕ್ಕೆ ಎಷ್ಟು ತೂಕ ಅನ್ನುವುದನ್ನು ಸಾಹೇಬರು ಅವತ್ತೇ, ಅಲ್ಲೇ ತೀರ್ಮಾನಿಸುತ್ತಾರೆ. ಗೋಡೆಯ ಪರದೆಯ ಮೇಲೆ ಒಂದು ಗುಂಡಿ ಕಾಣುತ್ತದೆ. ಎಡಕ್ಕೆ ಎಳೆದರೆ ವರ್ಷಕ್ಕೆ ತೂಕ ಹೆಚ್ಚು, ಬಲಕ್ಕೆ ಎಳೆದರೆ ಕಾಯಿಲೆಗೆ. ಗುಂಡಿ ಎಲ್ಲಿ ನಿಲ್ಲುತ್ತದೋ ಅದಕ್ಕೆ ತಕ್ಕ ಹಾಗೆ ಎರಡೂ ಅಂಕ ಕೂಡಿ, ಎಲ್ಲರಿಗಿಂತ ಮೇಲೆ ಬಂದವರ ಹೆಸರು ಪರದೆಯ ಮೇಲೆ ಮೂಡುತ್ತದೆ. ಸಭಾಂಗಣದಲ್ಲಿ ಒಬ್ಬರು ಅಳುತ್ತಾರೆ, ಉಳಿದವರು ಚೀಲ ಎತ್ತಿಕೊಳ್ಳುತ್ತಾರೆ.

ಇದನ್ನು ಮಾಡಿಕೊಟ್ಟವಳು ನಾನು. ಇಪ್ಪತ್ತು ವರ್ಷ ಶಾಲೆಯಲ್ಲಿ ರೇಖಾಗಣಿತ ಕಲಿಸಿದೆ. ಶಾಲೆ ಮುಚ್ಚಿದ ಮೇಲೆ ಇಲ್ಲಿ ಗುತ್ತಿಗೆಗೆ ಸೇರಿದೆ. ಕೋನಮ್ಮ ಅನ್ನೋ ಅಡ್ಡಹೆಸರು ಶಾಲೆಯಿಂದಲೇ ನನ್ನ ಬೆನ್ನು ಹತ್ತಿ ಬಂತು. ತಂದವರು ನಮ್ಮ ಕಚೇರಿಯ ಜವಾನರು. ಅವರ ಮಗಳು ನನ್ನ ಕೈಯಲ್ಲಿ ಓದಿದವಳು. ಹೆಸರು ಕೂಗಿ ಕೂಗಿ ಅವರೂ ಎಲ್ಲರ ಬಾಯಲ್ಲಿ ಕೂಗುಮಾವ ಆಗಿದ್ದಾರೆ.

ನಾನು ಬರುವ ಮುಂಚೆ ಸಾಹೇಬರು ಹಂಚಲು ಕೂತರೆ ಯಂತ್ರ ಎರಡು ಲಕ್ಷ ಕಡತವನ್ನೂ ತಡವಿ ಹೆಸರು ಹೇಳುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು. “ಜನರ ಮುಂದೆ ನನ್ನ ಮಾನ ಕಳೀತಿದೆ ಇದು, ಏನಾದರೂ ಮಾಡ್ರೀ” ಅಂದರು. ನಾನು ಮಾಡಿದೆ. ಪ್ರತಿ ಅರ್ಜಿಯೂ ಒಂದು ಚುಕ್ಕಿ ಅಂದುಕೊಳ್ಳಿ. ಬಲಕ್ಕೆ ಹೋದಷ್ಟೂ ವರ್ಷ, ಮೇಲಕ್ಕೆ ಹೋದಷ್ಟೂ ಕಾಯಿಲೆ. ಆ ಚುಕ್ಕಿಗಳ ಗುಂಪನ್ನು ಹೊರಗಿನಿಂದ ಒಂದು ದಾರದಲ್ಲಿ ಬಿಗಿಯಾಗಿ ಸುತ್ತಿದರೆ ದಾರಕ್ಕೆ ತಾಗುವ ಚುಕ್ಕಿಗಳು ಬೆರಳೆಣಿಕೆಯಷ್ಟು. ಗುಂಡಿ ಎಲ್ಲೇ ನಿಲ್ಲಲಿ, ಗೆಲ್ಲುವವರು ಆ ದಾರದ ಮೇಲಿನವರೇ. ಒಳಗಿನವರನ್ನು ನೋಡುವ ಅಗತ್ಯವೇ ಇಲ್ಲ. ದಾರದ ಮೇಲೆ ಬಂದವರು ಹನ್ನೊಂದು ಜನ. ಎರಡು ಲಕ್ಷದಲ್ಲಿ ಹನ್ನೊಂದು! ಒಬ್ಬರಿಗೆ ಮನೆ ಸಿಕ್ಕಿ ಹೋದರೆ ದಾರ ಮತ್ತೆ ಬಿಗಿಯುತ್ತದೆ. ಸಾಹೇಬರು ಗುಂಡಿ ಎಳೆದರು, ರೆಪ್ಪೆ ಬಡಿಯುವಷ್ಟರಲ್ಲಿ ಹೆಸರು ಬಂತು. ಚಪ್ಪಾಳೆ ಬಿತ್ತು. ಕಚೇರಿಯವರು ನನಗೊಂದು ಗೋಡೆ ಗಡಿಯಾರ ಕೊಟ್ಟರು. ಮನೆಯಲ್ಲಿ ಆಗಲೇ ಒಂದಿತ್ತು ಅಂತ ಅದನ್ನು ಸಭಾಂಗಣದಲ್ಲೇ ನೇತುಹಾಕಿದೆ. ಎಂಟು ವರ್ಷದಿಂದ ಅಲ್ಲೇ ಟಿಕ್ ಟಿಕ್ ಅನ್ನುತ್ತಿದೆ.

ಟೈಲರಮ್ಮ ಒಂಬತ್ತು ವರ್ಷದಿಂದ ಬರುತ್ತಿದ್ದವಳು. ನಾಲಿಗೆ ಚೂಪು. ಮೂರನೇ ಸಾಲಿನ ತುದಿಯ ಕುರ್ಚಿ ಅವಳದ್ದೇ ಅನ್ನುವಷ್ಟು ಬಂದಿದ್ದಳು. ಕೈಯಲ್ಲಿ ಯಾವಾಗಲೂ ಹೊಲಿಗೆ. ಹೆಸರು ಕೂಗುವ ಹೊತ್ತಿಗೆ ಒಂದು ಅಂಗಿಗೆ ಗುಂಡಿ ಹಚ್ಚಿ ಮುಗಿಸಿರುತ್ತಿದ್ದಳು. ಒಂದು ಮಂಗಳವಾರ ಸಭೆ ಮುಗಿದ ಮೇಲೆ ನೇರವಾಗಿ ನನ್ನ ಮೇಜಿಗೆ ಬಂದು ನಿಂತಳು.

“ಮೇಡಂ, ಒಂದು ಕೇಳ್ತೀನಿ, ನಿಜ ಹೇಳಿ. ಹೋದ ತಿಂಗಳು ಗುಂಡಿ ಎಡಕ್ಕಿತ್ತು, ನಾನು ಬರಲಿಲ್ಲ. ಈ ತಿಂಗಳು ಬಲಕ್ಕಿತ್ತು, ಬರಲಿಲ್ಲ. ಅದರ ಹಿಂದಿನ ತಿಂಗಳು ಸರಿಯಾಗಿ ನಡುಮಧ್ಯ. ಆಗಲೂ ಇಲ್ಲ. ಅದನ್ನ ಎಲ್ಲಿ ನಿಲ್ಲಿಸಿದರೆ ನನ್ನ ಹೆಸರು ಬರುತ್ತೆ? ಆ ಜಾಗ ಹೇಳಿ. ಸಾಹೇಬರ ಕಾಲು ಹಿಡಿದಾದರೂ ಅಲ್ಲಿ ನಿಲ್ಲಿಸ್ತೀನಿ.”

ಎಂಟು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ ಅದು. ಎಲ್ಲರೂ ಯಾಕೆ ಬರಲಿಲ್ಲ ಅಂತ ಕೇಳುತ್ತಿದ್ದರು. ಇವಳು ಎಲ್ಲಿ ಬರುತ್ತೆ ಅಂತ ಕೇಳಿದಳು. ಅವಳ ಕಡತ ತೆಗೆದೆ. ಒಂಬತ್ತು ವರ್ಷ. ಕಾಯಿಲೆ ಅವಳ ಅಕ್ಕನದು, ಅಂಕ ಒಂಬತ್ತು. ಗುಂಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಎಳೆದೆ.

“ಏನು ಮೇಡಂ, ಬಾಯಿ ಕಟ್ಟಿತಾ?”

“ಭಾನುವಾರ ಮನೆಗೆ ಬಂದು ಹೇಳ್ತೀನಿ” ಅಂದೆ.

“ಮನೇಗಾ? ನಾಲ್ಕು ಮಹಡಿ ಇದೆ. ಹತ್ತೋಕಾಗುತ್ತಾ ನಿಮಗೆ?” ಅಂದು ನನ್ನನ್ನು ಮೇಲಿಂದ ಕೆಳಗೆ ಅಳತೆ ಮಾಡಿದಳು. ಅದೂ ಅವಳ ಕಸುಬೇ.

ಹತ್ತಿದೆ. ಎರಡನೇ ತಿರುವಿನಲ್ಲಿ ಕೂತೆ. ಮೂರನೆಯದರಲ್ಲಿ ಗೋಡೆ ಹಿಡಿದು ನಿಂತೆ. ಬಾಗಿಲು ತೆರೆದೇ ಇತ್ತು. ಒಂದೇ ಕೋಣೆ. ಒಂದು ಕಡೆ ಹೊಲಿಗೆ ಯಂತ್ರ, ಇಸ್ತ್ರಿ ಹಲಗೆ, ಚೂರು ಬಟ್ಟೆಯ ಮೂಟೆಗಳು. ಇನ್ನೊಂದು ಕಡೆ ಕಿಟಕಿ. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಅವಳ ಅಕ್ಕ. ಕಾಲು ಊದಿ ಬಟ್ಟೆ ಸುತ್ತಿದ್ದಾರೆ. ಎದೆ ದುರ್ಬಲವಾಗಿ ಒಂಬತ್ತು ತಿಂಗಳಿಂದ ಕೆಳಗಿಳಿದಿಲ್ಲ.

“ಬನ್ನಿ, ಕೂತ್ಕೊಳ್ಳಿ” ಅಂದರು ಅಕ್ಕ. “ನಿಮ್ಮ ಉಸಿರು ಕೇಳಿದ್ರೆ ನನಗಿಂತ ಮುಂಚೆ ನಿಮಗೇ ಮನೆ ಕೊಡ್ಬೇಕು.”

“ಸುಮ್ನಿರೇ ಅಕ್ಕ” ಅಂದಳು ತಂಗಿ.

“ಯಾಕೆ ಸುಮ್ನಿರಲಿ? ಮಾತಾಡೋಕೆ ಒಬ್ಬರು ಬಂದಿದಾರೆ. ಬೀದೀಲಿ ಆ ಹಣ್ಣಂಗಡಿಯವನು ತಲೆಗೆ ಬಣ್ಣ ಹಚ್ಚಿದಾನೆ, ಅದು ಇಲ್ಲಿಂದ ಕಾಣುತ್ತೆ. ಕೂದಲ ನಡುವೆ ಬೋಳು ಇದೆ, ಅದು ಅವನಿಗೇ ಗೊತ್ತಿಲ್ಲ. ಕೆಳಗಿಳಿದ ದಿನ ಮೊದಲು ಅದನ್ನ ಹೇಳ್ತೀನಿ ಕಣೇ ಪುಟ್ಟಿ.”

ಕಾಗದದಲ್ಲಿ ಬರೆದು ತೋರಿಸಬೇಕು ಅಂತ ಹೋಗಿದ್ದೆ. ಇಸ್ತ್ರಿ ಹಲಗೆಯ ದಪ್ಪ ಹೊದಿಕೆ ನೋಡಿದ ಮೇಲೆ ಬುದ್ಧಿ ಬಂತು. ಅವಳ ಡಬ್ಬಿಯಿಂದ ಗುಂಡುಸೂಜಿ ಕೇಳಿ ತೆಗೆದುಕೊಂಡೆ. ಬಲಕ್ಕೆ ವರ್ಷ, ಮೇಲಕ್ಕೆ ಕಾಯಿಲೆ. ಮೊದಲ ಸೂಜಿ ಬಲಗಡೆ ಕೆಳಗೆ ಚುಚ್ಚಿದೆ. “ಇವರು ಹದಿನೆಂಟು ವರ್ಷ ಕಾದಿದಾರೆ, ಕಾಯಿಲೆ ಎರಡೇ.” ಇನ್ನೊಂದು ಎಡಗಡೆ ಮೇಲೆ. “ಇವರು ಬಂದು ಎರಡೇ ವರ್ಷ, ಕಾಯಿಲೆ ಹದಿನೆಂಟು.” ಕೆಂಪು ತಲೆಯ ಸೂಜಿ ನಡುವೆ. “ಇದು ನೀವು. ಒಂಬತ್ತು, ಒಂಬತ್ತು.”

ಅವಳ ಮರದ ಸ್ಕೇಲು ತೆಗೆದುಕೊಂಡು ಹಲಗೆಯ ಮೇಲಿನ ಬಲ ಮೂಲೆಯಿಂದ ಒಳಕ್ಕೆ ಸರಿಸುತ್ತಾ ಬಂದೆ. “ಸಾಹೇಬರ ಗುಂಡಿ ಅಂದ್ರೆ ಈ ಸ್ಕೇಲು ಎಷ್ಟು ವಾಲಿದೆ ಅನ್ನೋದು, ಅಷ್ಟೇ. ಯಾವ ವಾಲಿನಲ್ಲಾದರೂ ಹಿಡೀಲಿ, ಹೀಗೆ ಸರಿಸಿ ತಂದಾಗ ಮೊದಲು ತಾಗೋ ಸೂಜಿಗೆ ಮನೆ.”

ಅವಳು ಸ್ಕೇಲು ಕಸಿದುಕೊಂಡಳು. ಒಂದು ವಾಲಿನಲ್ಲಿ ಸರಿಸಿದಳು, ಬಲದ ಸೂಜಿಗೆ ತಾಗಿ ನಿಂತಿತು. ಇನ್ನೊಂದು ವಾಲು, ಎಡದ್ದಕ್ಕೆ. ಸರಿಯಾಗಿ ನಡುವಿನ ವಾಲಿನಲ್ಲಿ ತಂದಳು, ಎರಡಕ್ಕೂ ಒಟ್ಟಿಗೆ ತಾಗಿತು. ಕೆಂಪು ಸೂಜಿ ಒಳಗೆ, ಒಂದು ಬೆರಳಿನಷ್ಟು ದೂರದಲ್ಲಿ, ಮುಟ್ಟಿಸಿಕೊಳ್ಳದೆ ನಿಂತಿತ್ತು. ಹತ್ತು ಸಲ ಸರಿಸಿದಳು.

“ಅಂದ್ರೆ ಜಾಗ ಇಲ್ಲ” ಅಂದಳು.

“ಇಲ್ಲ.”

“ಒಂಬತ್ತು ವರ್ಷ ನಾನು ಎಲ್ಲಾ ಮಂಗಳವಾರ ಬಂದು ಕೂತಿದ್ದು…”

“ಬರದಿದ್ದರೂ ಒಂದೇ ಆಗಿರೋದು.”

“ನಡುವೆ ಇಷ್ಟು ಖಾಲಿ ಯಾಕಿದೆ? ಎರಡು ಲಕ್ಷ ಜನ ಅಂತೀರಿ. ವರ್ಷಾನೂ ಹೆಚ್ಚು, ಕಾಯಿಲೇನೂ ಹೆಚ್ಚು, ಇಲ್ಲಿ ಒಬ್ಬರೂ ಇಲ್ವಾ?” ಅಂತ ಹಲಗೆಯ ಮೇಲಿನ ಬಲ ಮೂಲೆ ತಟ್ಟಿದಳು.

“ಇದ್ದರು.”

“ಮತ್ತೆ?”

“ಅಷ್ಟು ವರ್ಷ ಅಷ್ಟು ಕಾಯಿಲೆ ಇಟ್ಟುಕೊಂಡು ಯಾರು ಉಳೀತಾರೆ? ಪಟ್ಟಿಯಿಂದ ಹೆಸರು ತಾನಾಗೇ ಹೋಗುತ್ತೆ.”

ಅಕ್ಕ ಕಿಟಕಿಯಿಂದ ತಲೆ ತಿರುಗಿಸದೆ, “ನನ್ನ ಹೆಸರಿನ ಮುಂದೆ ಎಷ್ಟು ಬಂದರೆ ಮನೆ ಬರುತ್ತಂತೆ, ಕೇಳೇ” ಅಂದರು.

ನಾನು ಲೆಕ್ಕ ಮಾಡಿಯೇ ಹೋಗಿದ್ದೆ. ಕಾದು ಪ್ರಯೋಜನವಿಲ್ಲ, ಎಲ್ಲರ ವರ್ಷವೂ ಒಟ್ಟಿಗೇ ಏರುತ್ತದೆ. ವೈದ್ಯರು ಒಂಬತ್ತರ ಜಾಗದಲ್ಲಿ ಹನ್ನೊಂದೂವರೆ ಬರೆಯಬೇಕು. “ಹನ್ನೊಂದೂವರೆ” ಅಂದೆ.

“ಎರಡೂವರೆ ಕಡಿಮೆ ಬಿತ್ತು” ಅಂದರು ಅಕ್ಕ. “ಛೆ, ಸ್ವಲ್ಪ ಜೋರಾಗಿ ಕೆಮ್ಮಬೇಕಿತ್ತು ನಾನು.”

ಟೈಲರಮ್ಮ ದನಿ ಇಳಿಸಿ ಕೇಳಿದಳು. “ಅಂಕಿ ನಿಮ್ಮ ಕೈಲಿದೆಯಲ್ಲ. ಒಂಬತ್ತನ್ನ ಹನ್ನೊಂದೂವರೆ ಮಾಡೋಕೆ ನಿಮಗೆಷ್ಟು ಹೊತ್ತು ಬೇಕು?”

ಎರಡು ಕ್ಷಣ ಬೇಕು. “ಆಗಲ್ಲ” ಅಂದೆ. ಅದು ನೀತಿ ಅಂದುಕೊಳ್ಳಬೇಡಿ. ಭಯ. ಐವತ್ತೆರಡು ವರ್ಷದ ಗುತ್ತಿಗೆಯವಳ ಭಯ.

ಅವಳು ಒತ್ತಾಯ ಮಾಡಲಿಲ್ಲ. ಹಲಗೆಯನ್ನೇ ನೋಡುತ್ತಾ ಕೂತಳು. ಆಮೇಲೆ ಗೋಡೆಯ ಮೊಳೆಯಿಂದ ಇನ್ನೊಂದು ಸ್ಕೇಲು ತೆಗೆದಳು. ಬಾಗಿದ್ದು, ಕಂಕುಳ ತಿರುವು, ಕತ್ತಿನ ತಿರುವು ಗುರುತು ಮಾಡಲು ದರ್ಜಿಗಳು ಇಟ್ಟುಕೊಳ್ಳುವಂಥದ್ದು.

“ಕಂಕುಳ ಕತ್ತರಿಸೋಕೆ ನೇರ ಸ್ಕೇಲು ಇಟ್ಟರೆ ಅಂಗಿ ಹಾಳು, ಕೋನಮ್ಮ. ಹೊಸದಾಗಿ ಕಲಿಯೋರು ಮಾಡೋ ತಪ್ಪು ಅದು. ಒಳಗೆ ತಗ್ಗಿದೆ ಅಂತ ಕಣ್ಣಿಗೆ ಕಾಣ್ತಾ ಇದ್ದರೂ ನೇರ ಗೆರೆ ಎಳೆದುಬಿಡ್ತಾರೆ.” ಬಾಗಿದ ಸ್ಕೇಲಿನ ಉಬ್ಬು ಒಳಮುಖವಾಗಿ ಹಿಡಿದು ಮೂಲೆಯಿಂದ ಸರಿಸಿದಳು. ಅದು ಎರಡು ಸೂಜಿಗಳ ನಡುವಿನ ತಗ್ಗಿಗೆ ಇಳಿದು ಕೆಂಪು ಸೂಜಿಗೆ ಮೊದಲು ತಾಗಿತು. “ತಗ್ಗಿಗೆ ಇದನ್ನ ಹಿಡೀಬೇಕು. ನಿಮ್ಮ ಕಚೇರೀಲಿ ಇದಿಲ್ವಾ?”

ಇದನ್ನೇ ಇಪ್ಪತ್ತು ವರ್ಷ ಕಲಿಸಿದ್ದೇನೆ ನಾನು. ಕೂಡಿದರೆ ಗೆರೆ ನೇರ. ಗುಣಿಸಿದರೆ ಗೆರೆ ಬಾಗುತ್ತದೆ. ಹದಿನೆಂಟಕ್ಕೆ ಎರಡು ಕೂಡಿದರೆ ಇಪ್ಪತ್ತು, ಒಂಬತ್ತಕ್ಕೆ ಒಂಬತ್ತು ಕೂಡಿದರೆ ಹದಿನೆಂಟು. ಅದೇ ಹದಿನೆಂಟೆರಡಲಿ ಮೂವತ್ತಾರು, ಒಂಬತ್ತೊಂಬತ್ತಲಿ ಎಂಬತ್ತೊಂದು. ಒಂದು ಚಿಹ್ನೆ ಬದಲಾದರೆ ಸಾಕು.

ಸೋಮವಾರ ಮೂಲ ಆದೇಶ ಹುಡುಕಿ ತೆಗೆದೆ. ಕಪಾಟಿನ ತಳದಲ್ಲಿತ್ತು. ‘ಕಾದ ಅವಧಿ ಹಾಗೂ ರೋಗಿಯ ಸ್ಥಿತಿ ಎರಡನ್ನೂ ಪರಿಗಣಿಸಿ ಹಂಚತಕ್ಕದ್ದು.’ ಅಷ್ಟೇ. ಕೂಡಿ ಅಂತ ಎಲ್ಲೂ ಇಲ್ಲ. ಕೂಡಿಸಿದವಳು ನಾನು. ಯಾಕೆ ಕೂಡಿಸಿದೆ? ಕೂಡಿದರೆ ದಾರದ ಉಪಾಯ ನಡೆಯುತ್ತದೆ, ಹನ್ನೊಂದು ಜನರನ್ನು ನೋಡಿದರೆ ಮುಗಿಯುತ್ತದೆ, ಸಾಹೇಬರ ಗುಂಡಿ ಸರಾಗ ಓಡುತ್ತದೆ. ತಗ್ಗಿನಲ್ಲಿದ್ದವರ ಕಡತವನ್ನು ಎಂಟು ವರ್ಷ ಯಂತ್ರ ಒಂದು ಸಲವೂ ಮುಟ್ಟಿಲ್ಲ. ಅದಕ್ಕೆ ನನಗೆ ಗಡಿಯಾರ ಕೊಟ್ಟಿದ್ದಾರೆ.

ಮುಂದಿನ ಎರಡನೇ ಮಂಗಳವಾರ ಟೈಲರಮ್ಮ ಇಸ್ತ್ರಿ ಹಲಗೆ ಹೊತ್ತುಕೊಂಡೇ ಮೂರು ಮಹಡಿ ಹತ್ತಿದಳು. ಸೂಜಿಗಳು ಅಲ್ಲಾಡದ ಹಾಗೆ ಮೇಲೆ ಬಟ್ಟೆ ಸುತ್ತಿದ್ದಳು. ಬಾಗಿಲಲ್ಲಿ ಕೂಗುಮಾವ ತಡೆದರು.

“ಏನಮ್ಮಾ, ಇಲ್ಲೇ ಇಸ್ತ್ರಿ ಅಂಗಡಿ ಇಡ್ತೀಯಾ?”

“ನಿಮ್ಮ ಸಾಹೇಬರ ಅಂಗಿ ಸುಕ್ಕಾಗಿದೆ ಮಾವ, ಬಿಡಿ ಒಳಗೆ.”

ಸಾಹೇಬರು ಕೆಟ್ಟವರಲ್ಲ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಬಿಳಿಚಿದ ಮುಖದ ಮನುಷ್ಯ, ಹತ್ತು ಸಲ ಬೇರೆ ಕಡೆ ವರ್ಗ ಕೇಳಿ ಸಿಗದೆ ಉಳಿದವರು. ಅವಳು ಹಲಗೆಯನ್ನು ಅವರ ಮೇಜಿನ ಮೇಲೆ ಮಲಗಿಸಿ ನೇರ ಸ್ಕೇಲು ಕೈಗಿತ್ತಳು. “ಸಾರ್, ಮೂಲೆಯಿಂದ ಸರಿಸಿ ತನ್ನಿ. ಹೇಗೆ ಬೇಕಾದರೂ ವಾಲಿಸಿ. ಈ ಕೆಂಪು ಸೂಜಿಗೆ ಮೊದಲು ತಾಗಿಸಿಬಿಟ್ಟರೆ ನಾನು ಇನ್ನೊಂದು ಒಂಬತ್ತು ವರ್ಷ ಬಾಯಿ ಬಿಡಲ್ಲ.”

ಜನ ಎದ್ದು ಮುಂದೆ ಬಂದರು. ಸಾಹೇಬರು ನಗುತ್ತಲೇ ಶುರು ಮಾಡಿದರು. ನಾಲ್ಕನೇ ಸಲಕ್ಕೆ ನಗು ಹೋಯಿತು. ಏಳನೇ ಸಲಕ್ಕೆ ಕನ್ನಡಕ ತೆಗೆದು ಒರೆಸಿಕೊಂಡರು.

“ಲೆಕ್ಕ ಹಾಗಿದೆ ಅಮ್ಮಾ. ನಾನೇನು ಮಾಡಲಿ? ಆದೇಶ ಹಾಗಿದೆ.”

ಹಿಂದಿನಿಂದ ಒಬ್ಬರು, “ನನ್ನದೂ ಒಂದು ಸೂಜಿ ಚುಚ್ಚಿ, ನನ್ನದು ಹತ್ತು, ಏಳು” ಅಂದರು. “ನನ್ನದು ಎಂಟು, ಒಂಬತ್ತು.” “ನನ್ನದೂ.” ಟೈಲರಮ್ಮ ಡಬ್ಬಿ ತೆಗೆದು ಒಂದೊಂದೇ ಚುಚ್ಚುತ್ತಾ ಹೋದಳು. ತಗ್ಗು ತುಂಬುತ್ತಾ ಬಂತು. ನೋಡಲು ಮುಳ್ಳುಹಂದಿಯ ಬೆನ್ನಿನ ಹಾಗಿತ್ತು. ನೇರ ಸ್ಕೇಲಿಗೆ ಅದರಲ್ಲಿ ಒಂದೂ ತಾಗುತ್ತಿರಲಿಲ್ಲ.

ನಾನು ಅಧಿಕಾರಿಗಳ ಸಾಲಿನ ಕೊನೆಯ ಕುರ್ಚಿಯಲ್ಲಿದ್ದೆ. ಎದ್ದೆ. ಅದು ಧೈರ್ಯವಲ್ಲ, ಸುಸ್ತು. ಇನ್ನೂ ಎಂಟು ವರ್ಷ ಬಾಯಿ ಮುಚ್ಚಿಕೊಂಡಿರುವ ಶಕ್ತಿ ನನಗಿರಲಿಲ್ಲ.

“ಆದೇಶದಲ್ಲಿ ನೇರ ಗೆರೆ ಇಲ್ಲ ಸಾರ್” ಅಂದೆ. “ಅದು ನಾನು ಹಾಕಿದ್ದು. ಬೇಗ ಆಗಲಿ ಅಂತ.”

ಸಾಹೇಬರು ನನ್ನ ಕಡೆ ವಾಲಿ, ತುಟಿ ಅಲ್ಲಾಡದ ಹಾಗೆ, “ಏನು ಹೇಳ್ತಿದೀರಿ ಅಂತ ಗೊತ್ತಿದೆಯೇನ್ರೀ? ಎಂಟು ವರ್ಷದ ಪಟ್ಟಿಗಳಿವೆ” ಅಂದರು.

“ಗೊತ್ತಿದೆ. ತೊಂಬತ್ತಾರು ಪಟ್ಟಿ.”

“ನೀವು ಹೇಳಿದ ಹಾಗೆ ಮಾಡಿದರೆ ಈ ಹದಿನೆಂಟು ಅಂಕದ ರೋಗಿ ಹಿಂದೆ ಬೀಳ್ತಾನೆ. ಅವನು ಸತ್ತರೆ?”

ಉತ್ತರ ಕೊಟ್ಟವಳು ಟೈಲರಮ್ಮ. “ಒಂದು ಮೀಟರ್ ಬಟ್ಟೆ ಕೊಟ್ಟು ಎರಡು ಲಕ್ಷ ಜನಕ್ಕೆ ಅಂಗಿ ಹೊಲಿ ಅಂದರೆ ಯಾವ ಸ್ಕೇಲು ಹಿಡಿದರೂ ಯಾರೋ ಒಬ್ಬರು ಬೆತ್ತಲೇ ಸಾರ್. ಬಟ್ಟೆ ಯಾಕೆ ಇಷ್ಟೇ ಅಂತ ಮೇಲಿನವರನ್ನ ಕೇಳೋದು ನಿಮ್ಮ ಕೆಲಸ. ಅದನ್ನ ಕೇಳಲ್ಲ, ಎಂಟು ವರ್ಷದಿಂದ ಗುಂಡಿ ಎಳೀತಾ ಕೂತಿದೀರಿ. ಈ ತಿಂಗಳಾದರೂ ಬಾಗಿದ ಸ್ಕೇಲು ಹಿಡೀರಿ. ಮುಂದಿನ ತಿಂಗಳು ನೇರ ಹಿಡೀರಿ. ತಗ್ಗಿನಲ್ಲಿರೋರೂ ಮನುಷ್ಯರೇ ಅಂತ ಒಂದು ಸಲ ಗೊತ್ತಾಗಲಿ.”

ಸಭಾಂಗಣ ಒಂದು ದನಿಯಲ್ಲಿ ಕೂಗಿತು. ಸಾಹೇಬರು ಹಣೆ ಉಜ್ಜಿಕೊಂಡು, “ಈ ಒಂದು ತಿಂಗಳು. ಮಾಡ್ರೀ” ಅಂದರು.

ಮಾಡಿದೆ. ದಾರದ ಉಪಾಯ ಇಲ್ಲಿ ನಡೆಯುವುದಿಲ್ಲ. ಎರಡು ಲಕ್ಷ ಕಡತವನ್ನೂ ತೆರೆಯಬೇಕು. ಯಂತ್ರ ಹಳೆಯದು, ನರಳುತ್ತಾ ಓಡಿತು. ಹನ್ನೊಂದಕ್ಕೆ ಹಚ್ಚಿದ್ದು ನಾಲ್ಕಾದರೂ ಮುಗಿಯಲಿಲ್ಲ. ಯಾರೂ ಎದ್ದು ಹೋಗಲಿಲ್ಲ. ಟೈಲರಮ್ಮ ಎರಡು ಅಂಗಿಗೆ ಗುಂಡಿ ಹಚ್ಚಿ, ಕೂಗುಮಾವನ ಹರಿದ ಕಿಸೆಯನ್ನೂ ಹೊಲಿದುಕೊಟ್ಟಳು.

ನಾಲ್ಕೂ ಹತ್ತಕ್ಕೆ ಪರದೆ ಬೆಳಗಿತು. ಮೊದಲ ಹೆಸರು ಹನ್ನೊಂದು ವರ್ಷ, ಎಂಟು ಅಂಕ, ಗುಣಲಬ್ಧ ಎಂಬತ್ತೆಂಟು. ಯಾರೋ ಗಾರೆ ಕೆಲಸದವನಂತೆ. ಎರಡನೇ ಹೆಸರು ಟೈಲರಮ್ಮ, ಎಂಬತ್ತೊಂದು.

ಅವಳು ಕೂತಲ್ಲೇ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿಟ್ಟಳು.

ಕೂಗುಮಾವ ಗಾರೆಯವನ ಹೆಸರು ಮೂರು ಸಲ ಕೂಗಿದರು. ಯಾರೂ ಏಳಲಿಲ್ಲ. ಹನ್ನೊಂದು ವರ್ಷದಲ್ಲಿ ಆ ಮನುಷ್ಯ ಎಷ್ಟು ಸಲ ಬಂದು ಕೂತು, ಯಾವತ್ತು ಸಾಕು ಅಂತ ನಿಲ್ಲಿಸಿದನೋ. ನಿಯಮ ಪರದೆಯ ಕೆಳಗೇ ಬರೆದಿದೆ. ಅರ್ಜಿದಾರ ಖುದ್ದು ಹಾಜರಿರಬೇಕು, ಐದು ಗಂಟೆಯೊಳಗೆ ಸಹಿ ಹಾಕಬೇಕು, ತಪ್ಪಿದರೆ ಮನೆ ಎರಡನೆಯವರಿಗೆ.

ಕಡತದಲ್ಲಿ ಫೋನ್ ನಂಬರ್ ಇತ್ತು. ಹಚ್ಚಿದೆ. ಒಬ್ಬ ಹೆಂಗಸು ಎತ್ತಿದಳು.

“ಮನೆ ಹಂಚಿಕೆ ಕಚೇರಿಯಿಂದ. ನಿಮಗೆ ಮನೆ ಬಂದಿದೆ. ಐದರೊಳಗೆ ನಿಮ್ಮ ಯಜಮಾನರು ಬಂದು…”

“ಯಾರ್ರೀ ನೀವು? ಬೇರೆ ಕೆಲಸ ಇಲ್ವಾ? ಹೋದ ವರ್ಷವೂ ಹೀಗೇ ಯಾರೋ ಆಟ ಆಡಿಸಿದ್ದರು. ರೋಗಿ ಇರೋ ಮನೆ ಇದು, ಸ್ವಲ್ಪ ನಾಚಿಕೆ ಇಟ್ಕೊಳ್ಳಿ.” ಕಟ್. ಮತ್ತೆ ಹಚ್ಚಿದೆ. ಎತ್ತಲಿಲ್ಲ. ಮತ್ತೆ. ಫೋನ್ ಆರಿಸಿಟ್ಟಿದ್ದರು.

ಟೈಲರಮ್ಮ ನನ್ನ ಪಕ್ಕ ಬಂದು ನಿಂತಿದ್ದಳು. ಕಡತದ ವಿಳಾಸ ಓದಿದಳು. “ನಮ್ಮ ಹಿಂದಿನ ಬೀದಿ” ಅಂದಳು. “ಹದಿನೈದು ನಿಮಿಷ. ಓಡಿದರೆ ಹತ್ತು.”

ಗಡಿಯಾರ ನಾಲ್ಕೂ ಇಪ್ಪತ್ತು ತೋರಿಸುತ್ತಿತ್ತು. ನನ್ನ ಗಡಿಯಾರ.

ಅವಳು ತನ್ನ ಕುರ್ಚಿಗೆ ಹೋಗಿ ಕೂತಳು. ಎದ್ದಳು. ಬಾಗಿಲವರೆಗೆ ಹೋದಳು. ತಿರುಗಿ ಬಂದು ಕೂತಳು. ಕೈಯಲ್ಲಿ ಹೊಲಿಗೆ ಇರಲಿಲ್ಲ. ಅವಳ ಕೈ ಖಾಲಿಯಿದ್ದದ್ದನ್ನು ಅವತ್ತೇ ನಾನು ಮೊದಲು ನೋಡಿದ್ದು.

“ಕೋನಮ್ಮ, ಹೋಗು ಅಂತ ಹೇಳಿ ನನಗೆ.”

ಕಿಟಕಿಯ ಪಕ್ಕದ ಊದಿದ ಕಾಲು ಕಣ್ಣ ಮುಂದಿತ್ತು.

“ಬೇಡ ಅಂತಾದರೂ ಹೇಳಿ.”

ಅದನ್ನೂ ಹೇಳಲಿಲ್ಲ. ನಾನೇ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಕೂಗುಮಾವ ಹೋಗಬಹುದಿತ್ತು. ಅವರು ನೆಲ ನೋಡುತ್ತಾ ನಿಂತರು. ಸಾಹೇಬರಂತೂ ಕಾಗದ ಜೋಡಿಸುತ್ತಿದ್ದರು. ತಗ್ಗಿನಲ್ಲಿದ್ದವರಿಗಾಗಿ ಬೆಳಗ್ಗೆ ಒಂದೇ ದನಿಯಲ್ಲಿ ಕೂಗಿದ ಸಭಾಂಗಣ ಈಗ ಒಬ್ಬ ಗಾರೆಯವನಿಗಾಗಿ ಕುರ್ಚಿ ಸರಿಸಿದ ಸದ್ದೂ ಮಾಡಲಿಲ್ಲ. ಒಂದು ರೊಟ್ಟಿ ಎಸೆದು ನೂರು ಜನರ ಮುಖ ನೋಡುವವರು ಬಯಸುವುದು ಇದನ್ನೇ. ನಾವು ಕಚ್ಚಾಡಲಿಲ್ಲ, ಅಷ್ಟು ಮರ್ಯಾದಸ್ಥರು. ಸುಮ್ಮನೆ ಕೂತು ಗಡಿಯಾರ ನೋಡಿದೆವು.

ಐದಾಯಿತು. ಅವಳು ಸಹಿ ಹಾಕಿದಳು. ಅಳತೆ ಪುಸ್ತಕದಲ್ಲಿ ಗುಂಡಗೆ ಬರೆಯುವ ಕೈ ಅದು, ಅವತ್ತು ಅಕ್ಷರ ಓರೆಯಾಯಿತು. ಸಾಹೇಬರು, “ಅಭಿನಂದನೆ ಅಮ್ಮಾ” ಅಂದರು. ಆಮೇಲೆ ನನ್ನ ಕಡೆ ತಿರುಗಿ, ಅದೇ ದನಿಯಲ್ಲಿ, “ನಿಮ್ಮ ಗುತ್ತಿಗೆ ತಿಂಗಳ ಕೊನೆಗೆ ಮುಗಿಯುತ್ತಲ್ವಾ?” ಅಂದರು. ಎರಡು ವರ್ಷ ಬಾಕಿಯಿತ್ತು. ಹೌದು ಸಾರ್ ಅಂದೆ.

ಅಕ್ಕನನ್ನು ಕೆಳಗಿಳಿಸುವ ದಿನ ನನಗೆ ಬೇರೆ ಕೆಲಸವಿರಲಿಲ್ಲ. ಕುರ್ಚಿಗೆ ಕೂರಿಸಿ ಹಾಸಿಗೆ ಬಟ್ಟೆಯಲ್ಲಿ ಕಟ್ಟಿದೆವು. ಕುರ್ಚಿಯ ಮುಂದಿನ ಕಾಲು ಹಿಡಿದದ್ದು ನಾನು ಮತ್ತು ಕೂಗುಮಾವ, ಹಿಂದಿನಿಂದ ಟೈಲರಮ್ಮ ಮತ್ತು ಪಕ್ಕದ ಮನೆಯವರು. ಪ್ರತಿ ತಿರುವಿನಲ್ಲೂ ಇಳಿಸಿ ಉಸಿರು ತೆಗೆದುಕೊಂಡೆವು.

“ಒಳ್ಳೆ ಮದುವಣಗಿತ್ತಿ ಮೆರವಣಿಗೆ” ಅಂದರು ಅಕ್ಕ. “ಬ್ಯಾಂಡ್ ಒಂದು ಕಡಿಮೆ.”

ಎರಡನೇ ತಿರುವಿನಲ್ಲಿ ಅಕ್ಕ ಕಣ್ಣು ಮುಚ್ಚಿದ್ದಾಗ ಟೈಲರಮ್ಮ ನನ್ನ ಹತ್ತಿರ ಬಂದು ಗೋಡೆಗೊರಗಿದಳು.

“ಅವರ ಮನೆಗೆ ಹೋಗಿದ್ದೆ.”

ಗಾರೆಯವನ ಮನೆಗೆ ಅಂತ ಗೊತ್ತಾಯಿತು.

“ಅವರ ಮಗಳಿಗೆ ಬೆನ್ನುಮೂಳೆ ತೊಂದರೆ. ಅಪ್ಪ ಬೆಳಗ್ಗೆ ಎತ್ತಿಕೊಂಡು ಇಳಿಸ್ತಾನೆ, ಸಂಜೆ ಎತ್ತಿಕೊಂಡು ಹತ್ತಿಸ್ತಾನೆ. ಎಲ್ಲಾ ಹೇಳಿದೆ. ಹತ್ತು ನಿಮಿಷದ ದಾರಿ, ಗೊತ್ತಿದ್ದೂ ಬರಲಿಲ್ಲ ಅಂತಾನೂ ಹೇಳಿದೆ. ಬೈತಾರೆ, ಹೊಡೀತಾರೆ ಅಂದುಕೊಂಡೇ ಹೋಗಿದ್ದೆ. ಆ ಹೆಂಗಸು ಕುಡಿಯೋಕೆ ನೀರು ಕೊಟ್ಟಳು. ಫೋನ್ ಎತ್ತಿದ್ದು ನಾನೇ ಅಲ್ವಾ ಅಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು, ಕೋನಮ್ಮ.”

“ಮನೆ ಅವರಿಗೆ ಬಿಟ್ಟುಕೊಡೋಕೆ…”

“ಮನಸ್ಸಾಗಲಿಲ್ಲ” ಅಂದಳು ನೇರವಾಗಿ. “ಅಕ್ಕನ್ನ ನೋಡಿ, ಮನಸ್ಸಾಗಲಿಲ್ಲ. ಮುಂದಿನ ಮಂಗಳವಾರ ಅವನ ಜೊತೆ ನಾನೂ ಹೋಗಿ ಕೂರ್ತೀನಿ. ಸಾಹೇಬರು ಮತ್ತೆ ನೇರ ಸ್ಕೇಲು ಹಿಡೀತಾರಂತೆ.”

“ಹೌದು. ದಾರದ ಉಪಾಯ ಮತ್ತೆ ಹಾಕಿಸಿದಾರೆ.”

“ನೀವು?”

“ನನ್ನದು ಈಗ ಯಾವ ಕಡೆಯ ಕುರ್ಚಿ ಅಂತ ಗೊತ್ತಿಲ್ಲ.”

“ಮೂರನೇ ಸಾಲಿನ ತುದಿ ಖಾಲಿ ಇದೆ” ಅಂದಳು. “ಬಾಗಿದ ಸ್ಕೇಲು ನೀವು ಹಿಡ್ಕೊಳ್ಳಿ. ಹಲಗೆ ನಾನು ಹೊರ್ತೀನಿ.”

ಕುರ್ಚಿ ಎತ್ತಿದೆವು. ಕೊನೆಯ ಮೆಟ್ಟಿಲು ಇಳಿದು ಬೀದಿಯಲ್ಲಿಟ್ಟಾಗ ಕೂಗುಮಾವ ನೆಲಕ್ಕೇ ಕೂತುಬಿಟ್ಟರು. ಅಕ್ಕ ಊದಿದ ಕಾಲನ್ನು ಕಷ್ಟಪಟ್ಟು ನೆಲಕ್ಕೆ ಮುಟ್ಟಿಸಿದರು. ಅತ್ತ ಇತ್ತ ನೋಡಿದರು. ಬಿಸಿಲು, ಧೂಳು, ಸೈಕಲ್ಲು. ಹಣ್ಣಂಗಡಿಯವನು ತಕ್ಕಡಿ ಹಿಡಿದು ನಮ್ಮನ್ನೇ ನೋಡುತ್ತಿದ್ದ.

“ಹೇಳಲ್ವೇನೇ ಅವನಿಗೆ, ಬೋಳಿನ ವಿಷಯ?” ಅಂದಳು ತಂಗಿ.

ಅಕ್ಕ ಕುರ್ಚಿಯಿಂದಲೇ ಕತ್ತೆತ್ತಿ ಅವನ ತಲೆ ನೋಡಿದರು.

“ಪಾಪ, ಬಿಡೇ” ಅಂದರು. “ಕೆಳಗಿಂದ ಕಾಣಲ್ಲ.”